ಚೇಣಿ ಕೊಟ್ಟ ದಿನಗಳು

ಎಲ್ಲರಿಗೂ ನಮಸ್ಕಾರ.

ಖಾಯಂ ನೌಕರಿ ಒಳ್ಳೇದೋ, ಸ್ವಂತವಾಗಿ ಕಾಂಟ್ರಾಕ್ಟ್ ಹಿಡಿದು ದುಡಿಯೋದು ಒಳ್ಳೇದೋ ಅಂತ ಮಾತಾಡಲು ಕರೆದಿದ್ದೀರಿ. ಮೊದಲು ಒಂದು ಹೆಣ್ಣು ನೋಡುವ ಶಾಸ್ತ್ರದ ಕಥೆ ಹೇಳುತ್ತೇನೆ. ಬೆಂಗಳೂರಿನ ಕೆಲಸ ಬಿಟ್ಟು ಹೊಸನಗರದ ಕಡೆ ನಮ್ಮ ಮನೆಗೆ ಬಂದು ಆಗ ಒಂದು ವರ್ಷ ಆಗಿತ್ತು. ಹುಡುಗಿಯ ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟು ಕೇಳಿದರು, "ಕೆಲಸ ಪರ್ಮನೆಂಟಾ?" ನಾನು, "ಇಲ್ಲ, ಸ್ವಂತದ್ದು. ಕಟ್ಟಡಗಳಿಗೆ ಸ್ಟ್ರಕ್ಚರಲ್ ಡಿಸೈನ್ ಮಾಡಿಕೊಡ್ತೀನಿ" ಅಂದೆ. "ಹಾಗಾದ್ರೆ ಮನೇಲೇ ಇರ್ತೀರಿ" ಅಂದರು. ಅದು ಪ್ರಶ್ನೆ ಆಗಿರಲಿಲ್ಲ. ಮತ್ತೆ ತಿಳಿಸ್ತೀವಿ ಅಂತ ಹೋದರು. ಇನ್ನೂ ತಿಳಿಸಿಲ್ಲ.

ಬೇಜಾರಿನ ಮಾತಲ್ಲ ಇದು. ಆಮೇಲೆ ನನಗೆ ಹೊಳೆದ ತಮಾಷೆ ಬೇರೆ. ಅವರಿಗೆ ಐದು ಎಕರೆ ಅಡಿಕೆ ತೋಟ. ಅವರ ಬದುಕಿನಲ್ಲಿ ಪರ್ಮನೆಂಟ್ ಅನ್ನೋದು ಏನಿತ್ತು? ಮಳೆಗಾಲದಲ್ಲಿ ಔಷಧಿ ಹೊಡೆಯಲು ಬಿಡುವು ಸಿಗದಿದ್ದರೆ ಕೊಳೆ ರೋಗ. ಒಣಗಿಸುವಾಗ ಮೋಡ ಕವಿದರೆ ಬೂಷ್ಟು. ಎಲ್ಲ ಸರಿಯಾಗಿ ಮಂಡಿಗೆ ಹೋದರೆ ಆ ವಾರವೇ ಅಡಿಕೆಯ ದರ ಕುಸಿದಿರುತ್ತದೆ. ಮೂರು ತಲೆಮಾರು ಹೀಗೇ ಬದುಕಿದ ಮನೆಯವರು ನನ್ನ ಆದಾಯ ಏರುಪೇರು ಅಂತ ಹೆದರಿದರು!

ಆದರೆ ಅವರು ಸುಮ್ನೆ ಹೆದರಿದ್ದಲ್ಲ. ತೋಟದವರಿಗೆ ಆ ಏರುಪೇರನ್ನು ತಾಳಿಕೊಳ್ಳುವ ಉಪಾಯ ಗೊತ್ತಿದೆ. ಅದರಲ್ಲಿ ಒಂದು ಚೇಣಿ.

ಇಲ್ಲಿರುವ ಅರ್ಧ ಜನಕ್ಕೆ ಚೇಣಿ ಅಂದರೆ ವಿವರಿಸಬೇಕಿಲ್ಲ. ಪೇಟೆಯ ಮಕ್ಕಳಿಗಾಗಿ ಹೇಳುತ್ತೇನೆ. ಕೊಯ್ಲು, ಸುಲಿಯೋದು, ಬೇಯಿಸೋದು, ಒಣಗಿಸೋದು ಯಾವುದೂ ನಮ್ಮ ಕೈಲಿ ಆಗಲ್ಲ ಅಂದಾಗ ಫಸಲನ್ನು ಚೇಣಿದಾರನಿಗೆ ಒಪ್ಪಿಸುತ್ತೇವೆ. ಒಂದು ಕ್ವಿಂಟಲ್ ಹಸಿ ಅಡಿಕೆಗೆ ಇಂತಿಷ್ಟು ಕೆಜಿ ಒಣ ಅಡಿಕೆ ಕೊಡಬೇಕು, ಅಥವಾ ಇಷ್ಟು ದುಡ್ಡು ಅಂತ ಮಾತಾಗುತ್ತದೆ. ಆಳು ಹುಡುಕೋದು, ಮರ ಹತ್ತಿ ಗೊನೆ ಇಳಿಸುವ ಕೊನೆಗಾರನನ್ನು ಕಾಯೋದು, ನವೆಂಬರಿನಲ್ಲಿ ಅಕಾಲ ಮಳೆ ಬಂದರೆ ಟಾರ್ಪಾಲು ಹಿಡಿದು ಓಡೋದು, ಎಲ್ಲಾ ಅವನ ತಲೆಬಿಸಿ. ಅದಕ್ಕಾಗಿ ಅವನು ಲಾಭ ಇಟ್ಟುಕೊಳ್ಳುತ್ತಾನೆ. ಚೇಣಿ ಕೊಟ್ಟವನು ದಡ್ಡನೂ ಅಲ್ಲ, ಹಿಡಿದವನು ಕಳ್ಳನೂ ಅಲ್ಲ.

ಖಾಯಂ ನೌಕರಿ ಅಂದರೆ ನಿಮ್ಮ ದಿನಗಳನ್ನು ಚೇಣಿ ಕೊಟ್ಟ ಹಾಗೆ. ಕೆಲಸ ಇರಲಿ ಇಲ್ಲದಿರಲಿ ಒಂದನೇ ತಾರೀಖು ಸಂಬಳ ಬರುತ್ತದೆ. ಮಳೆ ಕಂಪನಿಯ ತಲೆ ಮೇಲೆ ಬೀಳುತ್ತದೆ, ಲಾಭವೂ ಅದರದ್ದೇ. ಸ್ವಂತ ಕಾಂಟ್ರಾಕ್ಟ್ ಅಂದರೆ ಕೊಯ್ಲು, ಬೇಯಿಸೋದು, ಒಣಗಿಸೋದು ಎಲ್ಲ ನೀವೇ ಮಾಡಿಕೊಳ್ಳೋದು. ಹಾಗಾಗಿ ಇವತ್ತು ನಾನು ಕೇಳೋದು ಒಂದೇ ಪ್ರಶ್ನೆ. ಮಳೆಯನ್ನು ನಿಮ್ಮ ಮೇಲೆ ಹಾಕಿಕೊಂಡರೆ ಅದರ ಬೆಲೆಯನ್ನೂ ನೀವೇ ವಸೂಲಿ ಮಾಡುತ್ತಿದ್ದೀರಾ? ನಾನು ಮೊದಲ ಎರಡು ವರ್ಷ ಮಾಡಲಿಲ್ಲ.

ಲೆಕ್ಕ ಹಾಕೋಣ. ಸಂಬಳ ತಿಂಗಳಿಗೆ 60,000 ಅಂದುಕೊಳ್ಳಿ. ಕೆಲಸ ಬಿಟ್ಟವರು ಮಾಡುವ ಮೊದಲ ತಪ್ಪು ಅದನ್ನು 30ರಿಂದ ಭಾಗಿಸೋದು. ದಿನಕ್ಕೆ 2,000 ಬಂತು. 2,500 ಕೇಳಿದರೆ ಜಾಸ್ತಿಯೇ ಆಯಿತು ಅಂತ ಖುಷಿ. ನಾನೂ ಹಾಗೇ ಕೇಳಿದ್ದೆ.

ವರ್ಷಕ್ಕೆ 365 ದಿನ. ಶನಿವಾರ, ಭಾನುವಾರ ಕಳೆದರೆ 261. ಹಬ್ಬದ ರಜೆ ಹತ್ತು, ನಿಮ್ಮ ರಜೆ, ಜ್ವರ, ನೆಂಟರ ಮದುವೆ ಅಂತ ಹದಿನೆಂಟು ತೆಗೆಯಿರಿ. ಉಳಿದದ್ದು 233. ನೌಕರನಿಗೆ ಆ ರಜೆಗಳಿಗೂ ಸಂಬಳ ಉಂಟು, ನಿಮಗಿಲ್ಲ. ಆ 233ರಲ್ಲೂ ಎಲ್ಲ ದಿನ ಬಿಲ್ ಮಾಡಲು ಆಗೋದಿಲ್ಲ. ಕೆಲಸ ಹುಡುಕಬೇಕು, ಕೊಟೇಶನ್ ಬರೆಯಬೇಕು, ಸೈಟಿಗೆ ಹೋಗಿ ಬರಬೇಕು, ದುಡ್ಡಿಗೆ ಫೋನ್ ಮಾಡಬೇಕು. ನನ್ನ ಅನುಭವದಲ್ಲಿ ನಾಲ್ಕರಲ್ಲಿ ಒಂದು ದಿನ ಇದಕ್ಕೇ ಹೋಗುತ್ತದೆ. ಉಳಿಯೋದು 175 ದಿನ.

ಇನ್ನು ದುಡ್ಡಿನ ಕಡೆ. ವರ್ಷದ ಸಂಬಳ 7,20,000. ಅದರಲ್ಲಿ ಬೇಸಿಕ್, ಅಂದರೆ ಮೂಲ ವೇತನ, 30,000 ಅಂತ ಹಿಡಿದರೆ ಅದರ ಮೇಲೆ ಶೇ. 12 ಕಂಪನಿ ಕಟ್ಟುವ ಪಿಎಫ್ (ಭವಿಷ್ಯ ನಿಧಿ) ಪಾಲು, ಅಂದರೆ ತಿಂಗಳಿಗೆ 3,600. ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು ಗ್ರಾಚುಯಿಟಿ. ಅದು ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ, ತಿಂಗಳನ್ನು 26 ದಿನ ಅಂತ ಲೆಕ್ಕ ಹಿಡಿದು. ಅದು ತಿಂಗಳಿಗೆ 1,440ರಷ್ಟು ಆಗುತ್ತದೆ. ಎರಡೂ ಸೇರಿ ವರ್ಷಕ್ಕೆ ಸುಮಾರು 60,000. ಮೇಲೆ ಮನೆಯವರ ಆರೋಗ್ಯ ವಿಮೆ, ಕಂಪ್ಯೂಟರ್, ಸಾಫ್ಟ್‌ವೇರ್ ಬಾಡಿಗೆ, ಯುಪಿಎಸ್ ಬ್ಯಾಟರಿ. ನನಗೆ ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ ಬೀಳುತ್ತದೆ. ಒಟ್ಟು 9,00,000. ಅದನ್ನು 175ರಿಂದ ಭಾಗಿಸಿ. 5,143.

2,000 ಎಲ್ಲಿ, 5,143 ಎಲ್ಲಿ! ಮತ್ತೆ ಇದು ಲಾಭವಲ್ಲ. ಹಳೇ ಸಂಬಳದ ಮಟ್ಟಕ್ಕೆ ಬಂದು ನಿಂತಿದ್ದು ಅಷ್ಟೆ. ಮಳೆಯ ಬೆಲೆ ಇದರ ಮೇಲೆ ಸೇರಬೇಕು.

ಹೊಸದಾಗಿ ಡಿಪ್ಲೊಮಾ ಮುಗಿಸಿದವರು ಇಲ್ಲಿ ಜಾಸ್ತಿ ಇದ್ದೀರಿ. ನಿಮಗೆ ಒಂದು ಮಾತು. ಮೊದಲ ಸಂಬಳ 18,000 ಅಂತ ಮೂಗು ಮುರಿಯಬೇಡಿ. 21,000ದ ಒಳಗಿನ ಸಂಬಳಕ್ಕೆ ಇಎಸ್ಐ, ಅಂದರೆ ಸರ್ಕಾರದ ನೌಕರರ ವಿಮೆ ಯೋಜನೆ ಇದೆ. ನಿಮ್ಮಿಂದ ಶೇ. 0.75, ಅಂದರೆ 135 ರೂಪಾಯಿ ಹಿಡಿಯುತ್ತಾರೆ. ಕಂಪನಿ 585 ಕಟ್ಟುತ್ತದೆ. ಅದರಲ್ಲಿ ಮನೆಯವರ ಚಿಕಿತ್ಸೆಯೂ ನಡೆಯುತ್ತದೆ. ಆ 135ಕ್ಕೆ ಸಿಗೋದನ್ನು ನೀವೇ ಹೊರಗೆ ಕೊಂಡುಕೊಳ್ಳಲು ಹೋಗಿ ನೋಡಿ.

ದುಡ್ಡು ಕೈಗೆ ಬರುವ ವಿಚಾರ. ನನ್ನ ಮೊದಲ ದೊಡ್ಡ ಕೆಲಸ ಮೂರು ಅಂತಸ್ತಿನ ಒಂದು ಕಟ್ಟಡ. ಇಡೀ ಕೆಲಸಕ್ಕೆ ಇಷ್ಟು ಅಂತ ಬಾಯಿಮಾತಿನಲ್ಲಿ ಒಪ್ಪಿಕೊಂಡೆ. ಎಷ್ಟು ಸಲ ಬದಲಾವಣೆ ಮಾಡಿಕೊಡಬೇಕು ಅಂತ ಮಾತಾಡಲೇ ಇಲ್ಲ. "ಇದೊಂದು ಸಣ್ಣದು ಸರ್, ಒಂದು ಕಾಲಮ್ ಆ ಕಡೆ ಸರಿಸಿ." ಒಂದು ಕಾಲಮ್ ಸರಿಸಿದರೆ ಬೀಮು, ಫೂಟಿಂಗು, ಕಬ್ಬಿಣದ ಪಟ್ಟಿ ಎಲ್ಲ ಮೊದಲಿಂದ ಮಾಡಬೇಕು. ಹನ್ನೊಂದು ಸಲ ಬದಲಾಯಿತು. ದುಡ್ಡು ಬಂದದ್ದು ಏಳು ತಿಂಗಳಾದ ಮೇಲೆ, ಅದೂ ಮೂರು ಕಂತಿನಲ್ಲಿ. ಗೃಹಪ್ರವೇಶಕ್ಕೆ ಮಾತ್ರ ಮನೆಮಂದಿಯನ್ನೆಲ್ಲ ಕರೆದರು. ಊಟ ಚೆನ್ನಾಗಿತ್ತು.

ಅದಾದ ಮೇಲೆ ನಾನು ಕಲಿತದ್ದು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸೋದು. ಆನ್‌ಲೈನಿನಲ್ಲಿ, ಆಧಾರ್, ಪ್ಯಾನ್ ಇದ್ದರೆ ಆಯಿತು, ದುಡ್ಡು ಕೊಡಬೇಕಿಲ್ಲ. 2006ರ ಎಂಎಸ್ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಸಣ್ಣ ಘಟಕದ ಬಿಲ್ಲನ್ನು ಬರಹದ ಒಪ್ಪಂದ ಇದ್ದರೂ 45 ದಿನದೊಳಗೆ ಕೊಡಬೇಕು, ಇಲ್ಲದಿದ್ದರೆ 15 ದಿನದೊಳಗೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳು ತಿಂಗಳು ಚಕ್ರಬಡ್ಡಿ. ನಾನು ಯಾರ ಮೇಲೂ ಬಡ್ಡಿ ಹಾಕಿಲ್ಲ. ಊರಲ್ಲಿ ಮತ್ತೆ ಮುಖ ನೋಡಬೇಕಲ್ವಾ? ಆದರೆ ಬಿಲ್ಲಿನ ಕೆಳಗೆ ನೋಂದಣಿ ಸಂಖ್ಯೆ ಮತ್ತು ಈ ನಿಯಮದ ಒಂದು ಸಾಲು ಬರೆಯುತ್ತೇನೆ. ಸಾಲಿಗೆ ಬೆಲೆ ಇದೆ. ಮುಂಗಡ ಶೇ. 30 ಬಾರದೆ ಡ್ರಾಯಿಂಗ್ ಶುರು ಮಾಡೋದಿಲ್ಲ.

ತೆರಿಗೆ ಬೇಗ ಮುಗಿಸುತ್ತೇನೆ. ಎಂಜಿನಿಯರು, ವಕೀಲ, ವೈದ್ಯ ಇಂಥ ವೃತ್ತಿಯವರ ವರ್ಷದ ಜಮೆ 50 ಲಕ್ಷದೊಳಗಿದ್ದರೆ ಅರ್ಧವನ್ನು ಲಾಭ ಅಂತ ತೋರಿಸಿ ತೆರಿಗೆ ಕಟ್ಟಬಹುದು. ಖರ್ಚಿನ ಚೀಟಿ ಕೂಡಿಡುವ ರಗಳೆ ಇಲ್ಲ. ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಿದರಾಯಿತು. ಜಮೆ 20 ಲಕ್ಷ ದಾಟಿದರೆ ಜಿಎಸ್‌ಟಿ. ಕೇಳಲು ಬಹಳ ಚೆನ್ನಾಗಿದೆ. ಆದರೆ ಒಂದು ಕೊಕ್ಕೆ ಇದೆ. ಮನೆ ಸಾಲಕ್ಕೆ ಬ್ಯಾಂಕಿಗೆ ಹೋದಾಗ ಮ್ಯಾನೇಜರ್ ನನ್ನ ರಿಟರ್ನ್ ನೋಡಿ, "ನಿಮ್ಮ ಆದಾಯ ಇಷ್ಟೇನಾ?" ಅಂದರು. ಹತ್ತು ಲಕ್ಷ ದುಡಿದು ಐದು ಲಕ್ಷ ತೋರಿಸಿದವನಿಗೆ ಸಾಲ ಸಿಗೋದು ಐದು ಲಕ್ಷದ ಲೆಕ್ಕದಲ್ಲೇ. ನನ್ನ ಜೊತೆ ಓದಿದ, ನನಗಿಂತ ಕಡಿಮೆ ದುಡಿಯುವ ಶಾಲಾ ಮೇಷ್ಟ್ರಿಗೆ ಅದೇ ವಾರ ಸಾಲ ಮಂಜೂರಾಯಿತು. ಮನೆ ಕಟ್ಟುವ ಯೋಚನೆ ಇದ್ದವರು ನೌಕರಿಯಲ್ಲಿರುವಾಗಲೇ ಸಾಲ ಮಾಡಿಕೊಂಡು ಆಮೇಲೆ ರಾಜೀನಾಮೆ ಕೊಡಿ. ತಮಾಷೆಗೆ ಹೇಳಿದ್ದಲ್ಲ. ಕಂತು ಕಟ್ಟಲು ಒಂದು ವರ್ಷದ ದುಡ್ಡಾದರೂ ಕೈಲಿರಲಿ.

ಇಷ್ಟು ಹೊತ್ತು ಎರಡೇ ದಾರಿ ಇದ್ದ ಹಾಗೆ ಮಾತಾಡಿದೆ. ಮೂರನೆಯದು ಒಂದಿದೆ, ಇವತ್ತು ನಮ್ಮ ಜಿಲ್ಲೆಯ ಹುಡುಗರಿಗೆ ಜಾಸ್ತಿ ಸಿಗುತ್ತಿರೋದು ಅದೇ. ಬೆಳಿಗ್ಗೆ ಒಂಬತ್ತೂವರೆಗೆ ಹಾಜರಿಗೆ ಬೆರಳು ಒತ್ತಬೇಕು. ಒಬ್ಬನೇ ಸಾಹೇಬ. ರಜೆಗೆ ಅವನನ್ನೇ ಕೇಳಬೇಕು. ಬೇರೆ ಕಡೆ ಕೆಲಸ ಮಾಡುವ ಹಾಗಿಲ್ಲ. ಆದರೆ ಕಾಗದದಲ್ಲಿ "ಕನ್ಸಲ್ಟೆಂಟ್". ಪಿಎಫ್ ಇಲ್ಲ, ಗ್ರಾಚುಯಿಟಿ ಇಲ್ಲ. ಕೆಲಸ ಖಾಯಂ, ಕೆಲಸಗಾರ ಮಾತ್ರ ಹಂಗಾಮಿ. ಇದು ಚೇಣಿಯೂ ಅಲ್ಲ, ಸ್ವಂತ ಕೊಯ್ಲೂ ಅಲ್ಲ. ಅಡಿಕೆ ಅವರು ಒಯ್ದು, ಮಳೆ ನಿಮಗೆ ಬಿಟ್ಟು ಹೋದ ಹಾಗೆ.

ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರನ್ನು ನೋಡಿ. ಹತ್ತು ಹದಿನೈದು ವರ್ಷದಿಂದ ಅತಿಥಿ! ಇಷ್ಟು ದಿನ ಇದ್ದರೆ ನಮ್ಮ ಮನೆಯಲ್ಲಿ ಅತಿಥಿಗೂ ಹಿತ್ತಲಿನ ಕೆಲಸ ಹೇಳುತ್ತಾರೆ. 2006ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಉಮಾದೇವಿ ಪ್ರಕರಣದ ತೀರ್ಪು ಕೊಟ್ಟಿತು. ಅದು ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣ. ಬಹಳ ವರ್ಷ ದುಡಿದ ಮಾತ್ರಕ್ಕೆ ಖಾಯಂ ಆಗುವ ಹಕ್ಕು ಹುಟ್ಟೋದಿಲ್ಲ ಅಂತ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. 2024ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯ, ವರ್ಷವಿಡೀ ಇರುವ ಕೆಲಸಕ್ಕೆ ಹಂಗಾಮಿ ಅಂತ ಹೆಸರಿಟ್ಟು ಜನರನ್ನು ದುಡಿಸಿಕೊಳ್ಳಲು ಆ ತೀರ್ಪನ್ನು ಗುರಾಣಿ ಮಾಡಿಕೊಳ್ಳಬೇಡಿ ಅಂದಿತು. ಅಷ್ಟರಲ್ಲಿ ಹದಿನೆಂಟು ವರ್ಷ ಕಳೆದಿತ್ತು.

ಖಾಯಂ ಅನ್ನೋದೂ ಎಷ್ಟು ಖಾಯಂ ಅಂತ ತಿಳಿಯಲು ದೂರ ಹೋಗಬೇಕಿಲ್ಲ. ಭದ್ರಾವತಿಗೆ ಹೋಗಿ. ಕಾಗದದ ಕಾರ್ಖಾನೆ ಎಂಪಿಎಂ (ಮೈಸೂರು ಪೇಪರ್ ಮಿಲ್ಸ್) 1936ರಲ್ಲಿ ಶುರುವಾದದ್ದು. ಅಲ್ಲಿ ಕೆಲಸ ಸಿಕ್ಕಿದರೆ ಹೆಣ್ಣು ಕೊಡಲು ಜನ ಸಾಲಾಗಿ ನಿಲ್ಲುತ್ತಿದ್ದ ಕಾಲ ಇತ್ತು. ಈಗ ಅದರ ಯಂತ್ರಗಳು ನಿಂತು ವರ್ಷಗಳಾದವು. ಈಗ ಕೇಂದ್ರ ಸರ್ಕಾರದ ಉಕ್ಕಿನ ಕಂಪನಿ ಸೈಲ್‌ಗೆ ಸೇರಿದ ವಿಐಎಸ್ಎಲ್ ಕಬ್ಬಿಣ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1923ರಲ್ಲಿ. ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ಮುಚ್ಚುವ ನಿರ್ಧಾರ ಬಂತು. ಆಗ ಗೇಟಿನ ಮುಂದೆ ಧರಣಿ ಕೂತವರು ಗುತ್ತಿಗೆ ಕಾರ್ಮಿಕರು. ಖಾಯಂ ನೌಕರನಿಗೆ ಸೈಲ್‌ನ ಬೇರೆ ಊರಿನ ಕಾರ್ಖಾನೆಯಾದರೂ ಇದೆ. ಗುತ್ತಿಗೆಯವನಿಗೆ ಆ ಗೇಟೊಂದೇ. ಹಾಗಾಗಿ ಎರಡೂ ಒಂದೇ ಅಂತ ನಾನು ಹೇಳಲಾರೆ. ಮಳೆ ಇಬ್ಬರ ಮೇಲೂ ಬಿತ್ತು, ಕೊಡೆ ಒಬ್ಬನ ಕೈಲಿತ್ತು.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ನಾಲ್ಕೈದು ವರ್ಷ ನೌಕರಿ ಮಾಡಿ. ಕೆಲಸ ಕಲಿಯಲು ಸಂಬಳ ಕೊಡುವವರು ಬೇರೆಲ್ಲೂ ಸಿಗೋದಿಲ್ಲ. ನನಗೆ ಇವತ್ತು ಬರುವ ಕೆಲಸದಲ್ಲಿ ಅರ್ಧ ಹಳೇ ಆಫೀಸಿನ ಪರಿಚಯದವರದ್ದು. ಒಬ್ಬನೇ ಗಿರಾಕಿಯನ್ನು ನಂಬಿ ಕೆಲಸ ಬಿಡಬೇಡಿ. ಅದು ನೌಕರಿಯೇ, ಪಿಎಫ್ ಇಲ್ಲದ್ದು ಅಷ್ಟೆ. ಇನ್ನು ಊರಿಗೆ ಬಂದು ಮಾಡುವವರು ಜೂನ್‌ನಿಂದ ಸೆಪ್ಟೆಂಬರ್ ತನಕದ ಕರೆಂಟನ್ನು ಲೆಕ್ಕಕ್ಕೆ ಹಿಡಿಯಿರಿ. ಲಿಂಗನಮಕ್ಕಿಯ ನೀರಿನಿಂದ ನಾಡಿಗೆಲ್ಲ ಬೆಳಕು ಕೊಡುವ ತಾಲ್ಲೂಕುಗಳಲ್ಲಿ ಒಂದು ಮರ ಬಿದ್ದರೆ ಮೂರು ದಿನ ಕತ್ತಲೆ. ನಾನು ಮಳೆಗಾಲದಲ್ಲಿ ಲ್ಯಾಪ್‌ಟಾಪ್ ಹಿಡಿದು ಶಿವಮೊಗ್ಗದ ವಿನೋಬನಗರದಲ್ಲಿರುವ ಅಕ್ಕನ ಮನೆಗೆ ಬಂದು ಕೂರುತ್ತೇನೆ. ಭಾವ ಏನೂ ಅನ್ನೋದಿಲ್ಲ. ಆದರೆ ಅವರೂ ಒಂದು ಸಲ ಕೇಳಿದ್ದಾರೆ, "ಎಲ್ಲಾದ್ರೂ ಪರ್ಮನೆಂಟ್ ನೋಡಬಾರದಾ?"

ಆಚೆ ಚಹಾ ಬಂದಿದೆ ಅಂತ ಕಾಣುತ್ತೆ. ಕೈಯಲ್ಲಿ ಆಫರ್ ಲೆಟರ್ ಇರುವವರು ಯಾರಾದರೂ ಇದ್ದರೆ ಅಲ್ಲೇ ತನ್ನಿ. ಬೇಸಿಕ್ ಎಷ್ಟು ಹಾಕಿದ್ದಾರೆ ನೋಡೋಣ.