ಗ್ಯಾರೇಜ್ ನೆಲಕ್ಕೆ ಗಟ್ಟಿ ಲೇಪನ

ಕೇಳುಗರೆಲ್ಲರಿಗೂ ನಮಸ್ಕಾರ.

ಆಸೆಪಟ್ಟು ಗ್ಯಾರೇಜ್ ನೆಲಕ್ಕೆ ಬಣ್ಣ ಹೊಡೆಸಿರುತ್ತೀರಿ. ಕೆಲವು ತಿಂಗಳು ಫಳಫಳ ಹೊಳೆಯುತ್ತದೆ. ಆಮೇಲೊಂದು ದಿನ ಕಾರು ತೆಗೆದು ನೋಡಿದರೆ, ಸರಿಯಾಗಿ ಟೈರು ನಿಲ್ಲುವ ಜಾಗದಲ್ಲೇ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿರುತ್ತದೆ. ಎಲ್ಲರೂ ಬಣ್ಣದ ಡಬ್ಬವನ್ನೇ ಬೈಯುತ್ತಾರೆ. ಆದರೆ ಹೆಚ್ಚಿನ ಸಲ ದೋಷ ಇರುವುದು ಬಣ್ಣದ ಅಡಿಯಲ್ಲಿ.

ಓಡಿ ಬಂದ ಟೈರು ಬಿಸಿಯಾಗಿರುತ್ತದೆ. ಆ ಬಿಸಿಗೆ ಲೇಪನ ಮೆತ್ತಗಾಗುತ್ತದೆ. ಟೈರು ತಣಿಯುತ್ತಾ ಕುಗ್ಗುವಾಗ ಅಂಟಿಕೊಂಡ ಲೇಪನವನ್ನೂ ಎಳೆಯುತ್ತದೆ. ಕಾಂಕ್ರೀಟಿನ ಹಿಡಿತ ಗಟ್ಟಿಯಿದ್ದರೆ ಬಣ್ಣ ಉಳಿಯುತ್ತದೆ, ಸಡಿಲವಿದ್ದರೆ ಟೈರಿನ ಜೊತೆ ಹೋಗುತ್ತದೆ. ಅದಕ್ಕೇ ನಾನು ಹೇಳುವುದು, ಯಾವ ಬಣ್ಣ ಅಂತ ತಲೆ ಕೆಡಿಸಿಕೊಳ್ಳುವ ಮುಂಚೆ ನೆಲವನ್ನು ನೋಡಿ.

ಮೊದಲು ತೇವ. ಹೊಸ ಕಾಂಕ್ರೀಟ್ ಆದರೆ ಕನಿಷ್ಠ 28 ದಿನ ಬಿಡಿ. ಹಳೆಯದಾದರೂ ನೆಲದ ಕೆಳಗಿಂದ ತೇವ ಮೇಲೇರುತ್ತಿರಬಹುದು, ಕಣ್ಣಿಗೆ ಕಾಣುವುದಿಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಒತ್ತಿ, ಒಂದು ಇಡೀ ದಿನ ಬಿಡಿ. ತೆಗೆದಾಗ ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ, ಅಥವಾ ಅಡಿಯ ಕಾಂಕ್ರೀಟ್ ಕಪ್ಪಾಗಿದ್ದರೆ, ಕೆಲಸ ಅಲ್ಲಿಗೇ ನಿಲ್ಲಿಸಿ. ತೇವ ತಡೆಯುವ ಪ್ರೈಮರ್ ಇಲ್ಲದೆ ಮುಂದುವರಿದರೆ ಲೇಪನ ಗುಳ್ಳೆ ಏಳುತ್ತದೆ.

ಆಮೇಲೆ ಒಂದಿಷ್ಟು ನೀರು ಚಿಮುಕಿಸಿ ನೋಡಿ. ಕಾಂಕ್ರೀಟ್ ಅದನ್ನು ಹೀರಿಕೊಂಡರೆ ಒಳ್ಳೆಯದು. ಹನಿ ಹನಿಯಾಗಿ ಮೇಲೇ ನಿಂತರೆ ಅಲ್ಲಿ ಆಯಿಲ್ ಇದೆ, ಇಲ್ಲವೇ ನೀರು ಇಳಿಯದಂತೆ ಹಿಂದೆ ಹಚ್ಚಿದ ಹಳೆಯ ಸೀಲರ್ ಇದೆ ಎಂದರ್ಥ. ಆಯಿಲ್ ಕಲೆಗೆ ಡಿಗ್ರೀಸರ್ ಹಾಕಿ, ಗಡಸು ಬ್ರಷ್‌ನಿಂದ ಉಜ್ಜಿ, ತೊಳೆದು, ಮತ್ತೆ ನೀರು ಹಾಕಿ ಪರೀಕ್ಷಿಸಿ.

ನುಣುಪಾದ ನೆಲಕ್ಕೆ ಏನೂ ಅಂಟುವುದಿಲ್ಲ. ಕೈ ಆಡಿಸಿದರೆ ಉಪ್ಪು ಕಾಗದದ ಹಾಗೆ ತರಿತರಿಯಾಗಿರಬೇಕು. ಆಸಿಡ್ ಹಾಕಿ ತೊಳೆಯುವುದು ಒಂದು ದಾರಿ. ಆದರೆ ಅದು ಎಲ್ಲ ಕಡೆ ಒಂದೇ ಸಮ ಹಿಡಿಯುವುದಿಲ್ಲ, ನೆಲವೂ ಮತ್ತೆ ಒದ್ದೆಯಾಗುತ್ತದೆ. ನನ್ನ ಮತ ವಜ್ರದ ಚಕ್ರವಿರುವ ಗ್ರೈಂಡರ್‌ಗೆ. ಬಾಡಿಗೆಗೆ ತಂದರೂ ಸರಿ, ಆ ಖರ್ಚಿನಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಕಾಂಕ್ರೀಟ್ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಮೂಗಿಗೆ ಸುಮ್ನೆ ಬಟ್ಟೆ ಕಟ್ಟಿಕೊಂಡರೆ ಸಾಲದು. ಸರಿಯಾದ ಮಾಸ್ಕ್ ಬೇಕು, ಯಂತ್ರಕ್ಕೆ ಧೂಳು ಹೀರುವ ವ್ಯಾಕ್ಯೂಮ್ ಬೇಕು. ಬಿರುಕುಗಳನ್ನು ಈಗಲೇ ತುಂಬಿಬಿಡಿ. ಕಾಂಕ್ರೀಟ್ ಹಿಗ್ಗಿ ಕುಗ್ಗಲೆಂದು ಬಿಟ್ಟ ಸಂದುಗಳಿಗೆ ಮಾತ್ರ ಗಡಸು ವಸ್ತು ತುಂಬಬೇಡಿ.

ಇನ್ನು ಆಯ್ಕೆ. ಒಂದೇ ಡಬ್ಬದಲ್ಲಿ ಬರುವ ಫ್ಲೋರ್ ಪೇಂಟ್ ಸುಲಭ, ಆದರೆ ಕಾರು ನಿಲ್ಲುವ ನೆಲಕ್ಕೆ ಬಾಳಿಕೆ ಕಡಿಮೆ. ರಾಳ ಒಂದು, ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಒಂದು, ಹೀಗೆ ಎರಡು ಭಾಗವಾಗಿ ಬರುವ ಎಪಾಕ್ಸಿ ಲೇಪನ ಗಟ್ಟಿ. ಅದರಲ್ಲೂ ನೀರು ಬೆರೆತ ಎಪಾಕ್ಸಿ ಒಣಗಿದ ಮೇಲೆ ತೆಳುವಾಗುತ್ತದೆ, ನೀರಾಗಲಿ ಥಿನ್ನರ್ ಆಗಲಿ ಇಲ್ಲದ ಎಪಾಕ್ಸಿ ಹಚ್ಚಿದಷ್ಟೇ ದಪ್ಪ ಉಳಿಯುತ್ತದೆ. ಎಪಾಕ್ಸಿ ಬಿಸಿಲಿಗೆ ಹಳದಿಯಾಗುತ್ತದೆ. ಬಾಗಿಲ ಬಳಿ ಬಿಸಿಲು ಬೀಳುತ್ತದೆ ಅಲ್ವಾ, ಅದಕ್ಕೆ ಮೇಲೊಂದು ಪಾಲಿಯುರೆಥೇನ್ ಅಥವಾ ಪಾಲಿಆಸ್ಪಾರ್ಟಿಕ್ ಕೋಟ್ ಬೇಕು. ಈ ಪಾಲಿಆಸ್ಪಾರ್ಟಿಕ್ ಬಿಸಿಲು ತಡೆಯುತ್ತದೆ, ಬೇಗ ಒಣಗುತ್ತದೆ. ಆ ಬೇಗವೇ ಕಷ್ಟ ಕೂಡ. ಮೊದಲ ಸಲ ಕೈ ಹಾಕುವವರಿಗೆ ತಿದ್ದಲು ಸಮಯ ಸಿಗುವುದಿಲ್ಲ.

ಹಚ್ಚುವ ದಿನ ಇಬ್ಬರಿರಬೇಕು. ಒಬ್ಬರು ಬ್ರಷ್ ಹಿಡಿದು ಅಂಚು ಮುಗಿಸುತ್ತಾ ಹೋಗಲಿ, ಇನ್ನೊಬ್ಬರು ರೋಲರ್ ಎಳೆಯಲಿ. ರಾಳ ಮತ್ತು ಹಾರ್ಡನರ್ ಡಬ್ಬದ ಮೇಲಿರುವ ಅಳತೆಯಲ್ಲೇ ಸೇರಬೇಕು, ಕಣ್ಣಂದಾಜು ಬೇಡ. ಬಕೆಟ್‌ನ ತಳ, ಬದಿ ಬಿಡದೆ ಕಲಸಿ. ಕಲಸಿದ ಕ್ಷಣದಿಂದಲೇ ಅದು ಒಳಗೊಳಗೇ ಬಿಸಿಯಾಗುತ್ತದೆ. ದಪ್ಪ ಎಪಾಕ್ಸಿಯನ್ನು ಬಕೆಟ್‌ನಲ್ಲೇ ಬಿಟ್ಟರೆ ಹೊಗೆಯಾಡಿ ಕಲ್ಲಾಗಿಬಿಡಬಹುದು. ಅದನ್ನು ತಕ್ಷಣ ನೆಲದ ಮೇಲೆ ಪಟ್ಟಿಯಾಗಿ ಸುರಿದು ಹರಡಿದರೆ ಶಾಖ ಚದುರುತ್ತದೆ, ಕೈಗೂ ಸಮಯ ಸಿಗುತ್ತದೆ. ಒಳಗಿನ ಗೋಡೆಯಿಂದ ಶುರುಮಾಡಿ ಬಾಗಿಲ ಕಡೆ ಬನ್ನಿ. ಕೈಗವಸು ಹಾಕಿ, ಬಾಗಿಲು ತೆರೆದಿಡಿ.

ಕೊನೆಯ ಕೋಟ್‌ಗೆ ಸ್ವಲ್ಪ ನುಣ್ಣನೆಯ ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಬೆರೆಸಿ. ಹೊಳೆಯುವ ನೆಲ ಒದ್ದೆಯಾದರೆ ಜಾರುತ್ತದೆ, ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಬಿಡಲೇಬೇಡಿ. ಎಪಾಕ್ಸಿಯ ಮೇಲೆ ಸಾಮಾನ್ಯವಾಗಿ ಒಂದು ದಿನದ ನಂತರ ನಡೆದಾಡಬಹುದು. ಕಾರನ್ನು ಮಾತ್ರ ಒಂದು ವಾರ ಹೊರಗೇ ನಿಲ್ಲಿಸಿ. ಮುಟ್ಟಿದರೆ ಒಣಗಿದ ಹಾಗೆ ಇದ್ದರೂ ಒಳಗೆ ಇನ್ನೂ ಗಟ್ಟಿಯಾಗುತ್ತಿರುತ್ತದೆ. ಚಳಿ ಇದ್ದರೆ ಇನ್ನೆರಡು ದಿನ ಜಾಸ್ತಿಯೇ ಕಾಯಿರಿ. ನಮಸ್ಕಾರ.