‘ಸೋತೆ’ ಅನ್ನುವ ಮಾತು

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟವರು ನನ್ನ ಬಗ್ಗೆ ಹೇಳಿದ್ದರಲ್ಲಿ ಅರ್ಧ ನಿಜ. ಉಳಿದರ್ಧ ಯಾರ ಕೈವಾಡವೋ ಗೊತ್ತಿಲ್ಲ.

ಪಿತೂರಿಯ ಮಾತು, ಅದರಿಂದ ಪ್ರಜಾಪ್ರಭುತ್ವಕ್ಕೆ ಆಗುವ ಪೆಟ್ಟು, ಇದು ಇವತ್ತಿನ ವಿಷಯ. ಐದು ಅಂಶ ಬರೆದುಕೊಂಡು ಬಂದಿದ್ದೇನೆ. ಐದನ್ನೂ ಮುಟ್ಟುತ್ತೇನೆ ಅನ್ನುವ ಭರವಸೆ ನನಗೇ ಇಲ್ಲ, ನೀವೂ ಇಟ್ಟುಕೊಳ್ಳಬೇಡಿ.

ಈ ವಿಷಯ ನನಗೆ ಅಂಟಿಕೊಂಡಿದ್ದು ಒಂದು ಫೋನಿನಿಂದ. ಹಳೆಯ ಗೆಳೆಯ. ಓದಿಕೊಂಡವನು, ಲೆಕ್ಕಾಚಾರದ ಮನುಷ್ಯ. ಮತ ಎಣಿಕೆಯ ಹಿಂದಿನ ರಾತ್ರಿ ಫೋನ್ ಮಾಡಿ, “ನಾಳೆ ಗೆದ್ದರೆ ಜನರ ತೀರ್ಪು, ಸೋತರೆ ಮೋಸ. ಪೋಸ್ಟ್ ಈಗಲೇ ಬರೆದಿಟ್ಟಿದ್ದೀನಿ ಕಣೋ, ಒತ್ತೋದಷ್ಟೇ ಬಾಕಿ” ಅಂದ. ನಾನು ನಕ್ಕೆ. ಅವನು ನಗಲಿಲ್ಲ. ಯಾವ ಪಕ್ಷದವನು ಅಂತ ಕೇಳಬೇಡಿ. ಹೇಳಿದರೆ ಇಲ್ಲಿ ಅರ್ಧ ಕುರ್ಚಿ ಖಾಲಿಯಾಗುತ್ತವೆ, ಉಳಿದರ್ಧ ಚಪ್ಪಾಳೆ ತಟ್ಟುತ್ತವೆ. ಎರಡೂ ನನಗೆ ಬೇಡ.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಮಾತು ಕೊರೆಯುತ್ತಿದೆ. ಚುನಾವಣೆಯನ್ನು ನಡೆಸಿಕೊಂಡು ಹೋಗುವವರು ಸೋತವರು. ಗೆದ್ದವರು ಫಲಿತಾಂಶ ಒಪ್ಪುವುದರಲ್ಲಿ ಏನು ದೊಡ್ಡಸ್ತಿಕೆ ಇದೆ? ಹಾರ ಹಾಕಿದರೆ ಯಾರು ಬೇಡ ಅಂತಾರೆ? ಮುಖ ಸಣ್ಣದು ಮಾಡಿಕೊಂಡು “ಸೋತೆ, ಮುಂದಿನ ಸಲ ನೋಡ್ಕೋತೀನಿ” ಅಂತ ಮನೆಗೆ ಹೋಗುತ್ತಾನಲ್ಲ, ಅವನು ಆ ಮಾತು ಹೇಳುವುದನ್ನು ನಿಲ್ಲಿಸಿದ ದಿನ ಮುಂದಿನ ಸಲ ಅನ್ನುವುದೇ ಇರುವುದಿಲ್ಲ. ಪಿತೂರಿಯ ಕತೆ ಮಾಡುವ ಮೊದಲ ಕೆಲಸ ಅದೇ, ಬಾಯಿಂದ ಆ ‘ಸೋತೆ’ಯನ್ನು ಕಿತ್ತುಕೊಳ್ಳುವುದು. ಇದನ್ನು ಇನ್ನೂ ಎರಡು ಮೂರು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ.

ಅದಕ್ಕೆ ಮುಂಚೆ ಒಂದು ಒಪ್ಪಿಗೆ. ಸಂಚುಗಳು ನಡೆಯುತ್ತವೆ. 1972ರ ಜೂನ್ 17ರ ನಸುಕಿನಲ್ಲಿ ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದ ಕಾವಲುಗಾರ ಸುತ್ತು ಹಾಕುತ್ತಿದ್ದ. ಬಾಗಿಲು ಲಾಕ್ ಆಗದಿರಲಿ ಅಂತ ಬೀಗಕ್ಕೆ ಯಾರೋ ಟೇಪ್ ಅಂಟಿಸಿದ್ದರು. ಕೆಲಸದವರು ಮರೆತಿರಬೇಕು ಅಂದುಕೊಂಡು ಕಿತ್ತು ಹಾಕಿದ. ಆಮೇಲೆ ಬಂದು ನೋಡಿದರೆ ಅದೇ ಜಾಗದಲ್ಲಿ ಮತ್ತೆ ಟೇಪ್! ಪೊಲೀಸರಿಗೆ ಫೋನ್ ಹೋಯಿತು. ವಿರೋಧ ಪಕ್ಷದ ಕಚೇರಿಗೆ ನುಗ್ಗಿದ್ದವರು ಸಿಕ್ಕಿಬಿದ್ದರು. ಅಲ್ಲಿ ಸಿಕ್ಕ ಎಳೆಯನ್ನು ಜಗ್ಗುತ್ತಾ ಹೋದರೆ, 1974ರ ಆಗಸ್ಟ್‌ನಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ. ಅದೇ ದೇಶದ ಟಸ್ಕೀಗಿಯಲ್ಲಿ 1932ರಿಂದ 1972ರ ತನಕ, ಸಿಫಿಲಿಸ್ ಅನ್ನುವ ಲೈಂಗಿಕ ರೋಗ ಇದ್ದ ಸುಮಾರು 400 ಕಪ್ಪು ಜನರಿಗೆ ಸರ್ಕಾರದ ವೈದ್ಯರೇ ಚಿಕಿತ್ಸೆ ಕೊಡದೆ ರೋಗ ಹೇಗೆ ಬೆಳೆಯುತ್ತದೆ ಅಂತ ನೋಡುತ್ತಾ ಕೂತಿದ್ದರು. ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಇಂಥದ್ದು ನಡೆದಿರುವ ಲೋಕದಲ್ಲಿ, ಸರ್ಕಾರದ ಮೇಲೆ ಅನುಮಾನ ಪಡುವವನನ್ನು ಹುಚ್ಚ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಇವು ಹೊರಗೆ ಬಂದ ರೀತಿ ನೋಡಿ. ಟೇಪು, ಕಡತ, ಒಳಗಿನವರ ಬಾಯಿ, ವರದಿಗಾರರು, ಕೋರ್ಟು. ನಿಜವಾದ ಸಂಚು ಮನುಷ್ಯರದ್ದು, ಮನುಷ್ಯರು ಎಡವುತ್ತಾರೆ, ಕಿತ್ತ ಟೇಪನ್ನು ಮತ್ತೆ ಅಂಟಿಸುತ್ತಾರೆ. ಕತೆಯ ಸಂಚಿನಲ್ಲಿ ಸಾವಿರಾರು ಜನ ಸೇರಿರುತ್ತಾರೆ, ಒಬ್ಬನೂ ಬಾಯಿ ಬಿಡುವುದಿಲ್ಲ. ಇವತ್ತಿನ ಕಾರ್ಯಕ್ರಮಕ್ಕೆ ಯಾರು ಅಧ್ಯಕ್ಷರು ಅನ್ನುವುದನ್ನು ನಾಲ್ಕು ಜನ ಸಂಘಟಕರು ಎರಡು ದಿನ ಗುಟ್ಟಾಗಿ ಇಡಲಾಗಲಿಲ್ಲ!

ಈಗ ನನ್ನ ಇಷ್ಟದ ಕತೆ. ಕೇಳಿದವರು ಇದ್ದರೆ ಇನ್ನೊಮ್ಮೆ ಕೇಳಿ.

1666ರ ಸೆಪ್ಟೆಂಬರ್, ಲಂಡನ್. ಒಂದು ಬೇಕರಿಯಲ್ಲಿ ರಾತ್ರಿ ಬೆಂಕಿ ಹೊತ್ತಿಕೊಂಡಿತು. ಬೇಸಿಗೆಯೆಲ್ಲಾ ಮಳೆ ಇರಲಿಲ್ಲ, ಮರದ ಮನೆಗಳು ಒಂದಕ್ಕೊಂದು ಒರಗಿಕೊಂಡಿದ್ದವು, ಮೇಲೆ ಜೋರು ಗಾಳಿ. ನಾಲ್ಕು ದಿನದಲ್ಲಿ 13 ಸಾವಿರಕ್ಕೂ ಜಾಸ್ತಿ ಮನೆ ಬೂದಿ. ಆಗ ಇಂಗ್ಲೆಂಡ್ ಡಚ್ಚರ ಜೊತೆ, ಫ್ರೆಂಚರ ಜೊತೆ ಯುದ್ಧದಲ್ಲಿತ್ತು. ಹಾಗಾಗಿ ಬೆಂಕಿ ಆರುವ ಮುಂಚೆಯೇ ಜನ ತೀರ್ಪು ಕೊಟ್ಟಾಗಿತ್ತು. ವಿದೇಶಿಯರು ಹಚ್ಚಿದ್ದು, ಕ್ಯಾಥೊಲಿಕರು (ಪ್ರಾಟೆಸ್ಟೆಂಟ್ ಇಂಗ್ಲೆಂಡಿನಲ್ಲಿ ಎಲ್ಲರೂ ಅನುಮಾನದಿಂದ ನೋಡುತ್ತಿದ್ದ ಕ್ರೈಸ್ತ ಪಂಗಡ) ಹಚ್ಚಿದ್ದು. ಬೀದಿಯಲ್ಲಿ ಬೇರೆ ಭಾಷೆ ಕೇಳಿಸಿದರೆ ಹೊಡೆತ.

ಆಗ ಸಿಕ್ಕವನು ರಾಬರ್ಟ್ ಹ್ಯೂಬರ್ಟ್. ಫ್ರಾನ್ಸಿನವನು, ಗಡಿಯಾರ ಮಾಡುವವನ ಮಗ, ಬುದ್ಧಿ ಅಷ್ಟು ಸ್ಥಿಮಿತದಲ್ಲಿ ಇರಲಿಲ್ಲ ಅನ್ನುತ್ತಾರೆ. ನಾನೇ ಹಚ್ಚಿದೆ ಅಂದ. ಎಲ್ಲಿ ಅಂತ ಕೇಳಿದರೆ ಮೊದಲು ವೆಸ್ಟ್‌ಮಿನ್‌ಸ್ಟರ್ ಅಂದ. ಬೆಂಕಿ ಅಲ್ಲಿಗೆ ಹೋಗಿಯೇ ಇರಲಿಲ್ಲ! ಆಮೇಲೆ ಇಲ್ಲ ಇಲ್ಲ, ಬೇಕರಿ ಅಂದ. ಅವನ ಮಾತಿಗೆ ತಲೆಯಿಲ್ಲ ಬುಡವಿಲ್ಲ, ತಪ್ಪಿತಸ್ಥ ಅಂತ ನನಗೆ ಅನ್ನಿಸುವುದಿಲ್ಲ ಅಂತ ಮುಖ್ಯ ನ್ಯಾಯಾಧೀಶರೇ ರಾಜನಿಗೆ ಹೇಳಿದರು. ಆದರೂ ತಪ್ಪೊಪ್ಪಿಗೆ ಇದೆಯಲ್ಲ. ಆರೋಪಪಟ್ಟಿಗೆ ಸಹಿ ಹಾಕಿದವರಲ್ಲಿ ಆ ಬೇಕರಿಯ ಯಜಮಾನನೂ ಅವನ ಮಕ್ಕಳೂ ಇದ್ದರು. ಇಲ್ಲಿ ಒಂದು ನಿಮಿಷ ನಿಲ್ಲಿ. ತನ್ನ ಒಲೆ ಆರಿಸಿಯೇ ಮಲಗಿದ್ದೆ ಅಂತ ಆಣೆ ಮಾಡುತ್ತಿದ್ದವನು ಅವನು. ಸಂಚು ಇದೆ ಅಂತಾದರೆ ಅವನ ಒಲೆ ಬಚಾವ್.

ಅಕ್ಟೋಬರ್‌ನಲ್ಲಿ ಹ್ಯೂಬರ್ಟ್‌ನನ್ನು ಗಲ್ಲಿಗೇರಿಸಿದರು. ಆಮೇಲೆ ಅವನನ್ನು ಕರೆತಂದಿದ್ದ ಹಡಗಿನ ಕಪ್ತಾನ ಹೇಳಿದ, ಈ ಮನುಷ್ಯ ಲಂಡನ್ನಿನ ನೆಲ ಮುಟ್ಟಿದ್ದೇ ಬೆಂಕಿ ಬಿದ್ದ ಎರಡು ದಿನದ ಮೇಲೆ ಅಂತ.

ಬೆಂಕಿ ಇಲ್ಲದೆ ಹೊಗೆ ಆಡಲ್ಲ ಅನ್ನುತ್ತೇವೆ. ಈ ಕತೆಯಲ್ಲಿ ಬೆಂಕಿಯೂ ನಿಜ, ಹೊಗೆಯೂ ನಿಜ, ಹಚ್ಚಿದವನು ಮಾತ್ರ ಸುಳ್ಳು. ಸರ್ಕಾರದ ವಿಚಾರಣೆ ಕೊನೆಗೆ ಹೇಳಿದ್ದೇನು? ದೇವರ ಇಚ್ಛೆ, ಗಾಳಿ, ಒಣ ಹವೆ. ಅಷ್ಟೇ. ಯೋಚಿಸಿ, ಮನೆ ಸುಟ್ಟುಕೊಂಡು ಬೀದಿಯಲ್ಲಿ ಕೂತವನಿಗೆ ಗಾಳಿ ಅಂದರೆ ಸಮಾಧಾನ ಆಗುತ್ತಾ? ಗಾಳಿಯನ್ನು ಗಲ್ಲಿಗೆ ಹಾಕಲು ಆಗುವುದಿಲ್ಲ. ಪಿತೂರಿಯ ಕತೆ ಅವನಿಗೆ ಒಂದು ಮುಖ ಕೊಡುತ್ತದೆ, ಕುತ್ತಿಗೆ ಇರುವ ಮುಖ.

ಇಲ್ಲಿಗೇ ಮುಗಿಯಲಿಲ್ಲ. ಬೆಂಕಿಯ ನೆನಪಿಗೆ ಒಂದು ಎತ್ತರದ ಕಂಬ ಕಟ್ಟಿದ್ದರು. 1681ರಲ್ಲಿ ಅದರ ಮೇಲೆ, ಇದು ಕ್ಯಾಥೊಲಿಕರ ಕೆಲಸ ಅನ್ನುವ ಅರ್ಥದ ಸಾಲು ಕೆತ್ತಿಸಿದರು. 1685ರಲ್ಲಿ ಕ್ಯಾಥೊಲಿಕ್ ರಾಜ ಬಂದ, ಸಾಲು ಹೋಯಿತು. 1689ರಲ್ಲಿ ಅವನೂ ಹೋಗಿದ್ದ, ಸಾಲು ಮತ್ತೆ ಬಂತು. ಸರ್ಕಾರ ಬದಲಾದ ಹಾಗೆಲ್ಲಾ ಬೆಂಕಿ ಹಚ್ಚಿದವರೂ ಬದಲು. (ನಗುತ್ತಿದ್ದೀರಿ. ಯಾಕೆ ಅಂತ ನಾನು ಕೇಳುವುದಿಲ್ಲ.) ಕೊನೆಗೆ ಅದನ್ನು ಪೂರ್ತಿ ಅಳಿಸಿದ್ದು 1830ರಲ್ಲಿ. ಈ ನಡುವೆ ಆ ನಗರದಲ್ಲಿ ಹುಟ್ಟಿದ ಪ್ರತಿ ಕ್ಯಾಥೊಲಿಕ್ ಮಗುವೂ ಆ ಕಂಬದ ಕೆಳಗೆ ಓಡಾಡಿದೆ. ಅಂಥವರು ಪಾರ್ಲಿಮೆಂಟಿನಲ್ಲಿ ಕೂರಬಹುದು ಅಂತ ಕಾನೂನು ಆದದ್ದು 1829ರಲ್ಲಿ.

ಸಮಯ ಎಷ್ಟಾಯಿತು? ಕತೆಯಲ್ಲೇ ಅರ್ಧ ಹೋಯಿತು ಅಲ್ವಾ. ಇರಲಿ, ಇಷ್ಟದ ಕತೆಗೆ ಗಡಿಯಾರ ನೋಡಬಾರದು.

ಈಗಿನ ಕಾಲಕ್ಕೆ ಬನ್ನಿ. 2020ರ ಅಮೆರಿಕ ಚುನಾವಣೆ ನಿಮಗೆ ಗೊತ್ತಿರುವುದೇ. ಬೈಡನ್ ಗೆದ್ದರು, ಸೋತ ಟ್ರಂಪ್ ಮೋಸ ಅಂದರು. ಜಾರ್ಜಿಯಾ ರಾಜ್ಯದಲ್ಲಿ ಸುಮಾರು 50 ಲಕ್ಷ ಮತವನ್ನು ಮೂರು ಸಲ ಎಣಿಸಿದರು, ಅದರಲ್ಲಿ ಒಂದು ಸಲ ಕೈಯಲ್ಲಿ. ಮೂರು ಸಲವೂ ಗೆದ್ದವರು ಬೈಡನ್ನೇ. ಅರಿಜೋನಾದಲ್ಲಿ ಸೋತ ಪಕ್ಷದ ಸೆನೆಟರುಗಳೇ ಒಂದು ಖಾಸಗಿ ಕಂಪನಿಗೆ ಮರು ಎಣಿಕೆ ವಹಿಸಿದರು. ಏಷ್ಯಾದಿಂದ ವಿಮಾನದಲ್ಲಿ ಕಳ್ಳ ಮತಪತ್ರ ಬಂದಿದೆ ಅಂತ ಸುದ್ದಿ ಇತ್ತಲ್ಲ, ಅದಕ್ಕೆ ಅಲ್ಲಿ ಕಾಗದದಲ್ಲಿ ಬಿದಿರಿನ ನಾರು ಇದೆಯಾ ಅಂತ ಹುಡುಕಿದರು. ಬಿದಿರು! ತಿಂಗಳುಗಟ್ಟಲೆ ಹುಡುಕಿ ಎಣಿಸಿದ ಮೇಲೆ ಬೈಡನ್‌ಗೆ 99 ಮತ ಹೆಚ್ಚಾಯಿತು, ಟ್ರಂಪ್‌ಗೆ 261 ಕಡಿಮೆಯಾಯಿತು. ನಂಬಿದವರು ಬದಲಾದರಾ? ಇಲ್ಲ. ಎಣಿಸಿದವರೂ ಸಂಚಿನಲ್ಲಿ ಸೇರಿದ್ದಾರೆ ಅಂದರು. ಅಲ್ಲಿ ‘ಸೋತೆ’ ಅನ್ನಲು ಬಾಗಿಲೇ ಉಳಿದಿರಲಿಲ್ಲ.

ಬಿದಿರಿನ ವಿಷಯಕ್ಕೆ ನಗಬಹುದು. ಆದರೆ ಅದೇ ಜಾರ್ಜಿಯಾದ ಎಣಿಕೆ ಕೇಂದ್ರದಲ್ಲಿ ಕೆಲಸ ಮಾಡಿದ ತಾಯಿ ಮಗಳ ಕತೆ ಇದೆ, ಅದಕ್ಕೆ ನಗಲು ಆಗುವುದಿಲ್ಲ. ಕ್ಯಾಮೆರಾದಲ್ಲಿ ಅಮ್ಮ ಮಗಳಿಗೆ ಏನೋ ಸಣ್ಣದು ದಾಟಿಸಿದ್ದು ಕಾಣುತ್ತದೆ. ನ್ಯೂಯಾರ್ಕಿನ ಮಾಜಿ ಮೇಯರ್ ಜೂಲಿಯಾನಿ ಅದನ್ನು ಹಿಡಿದುಕೊಂಡು, ಯುಎಸ್‌ಬಿ ಡ್ರೈವ್ ಕೈ ಬದಲಾಯಿತು ಅಂತ ಸಾರಿದರು. ಅದು ಏನಾಗಿತ್ತು ಗೊತ್ತಾ? ಶುಂಠಿ ಪೆಪ್ಪರಮೆಂಟು. ಕೂತು ಕೂತು ದಣಿದ ಮಗಳಿಗೆ ಅಮ್ಮ ಕೊಟ್ಟ ಪೆಪ್ಪರಮೆಂಟು. ಅಮ್ಮ ಮನೆ ಬಿಟ್ಟು ಬೇರೆ ಕಡೆ ಇರಬೇಕಾಯಿತು, ಕೊಲೆ ಬೆದರಿಕೆ ಅಷ್ಟು ಬಂದವು. 2023ರ ಡಿಸೆಂಬರ್‌ನಲ್ಲಿ, ಜೂಲಿಯಾನಿ ಈ ತಾಯಿ ಮಗಳಿಗೆ 14 ಕೋಟಿ 80 ಲಕ್ಷ ಡಾಲರ್ ಪರಿಹಾರ ಕೊಡಬೇಕು ಅಂತ ಜ್ಯೂರಿ ಹೇಳಿತು. ಸರಿ. ಆದರೆ ಮುಂದಿನ ಚುನಾವಣೆಗೆ ಎಣಿಕೆ ಮೇಜಿನಲ್ಲಿ ಯಾರು ಕೂರುತ್ತಾರೆ? ನೀವು ಕೂರುತ್ತೀರಾ? ಚುನಾವಣೆ ಅಂದರೆ ಕೊನೆಗೆ ಯಾರದೋ ಅಮ್ಮ, ಯಾರದೋ ಮಗಳು ರಾತ್ರಿಯೆಲ್ಲಾ ಕಣ್ಣುಜ್ಜಿಕೊಂಡು ಕಾಗದ ಎಣಿಸುವ ಕೆಲಸ.

2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿದವರನ್ನು ಟಿವಿಯಲ್ಲಿ ನೋಡಿದ್ದೀರಿ. ಎರಡು ವರ್ಷದ ಮೇಲೆ ಬ್ರೆಜಿಲ್‌ನಲ್ಲಿ ಅದೇ ಚಿತ್ರ, 2023ರ ಜನವರಿ 8. ಅವರಲ್ಲಿ ಎಷ್ಟೋ ಜನ ತಾವು ಪ್ರಜಾಪ್ರಭುತ್ವ ಉಳಿಸುತ್ತಿದ್ದೇವೆ ಅಂತಲೇ ನಂಬಿದ್ದರು. ನನಗೆ ಭಯ ಆಗುವುದು ಇಲ್ಲೇ. ಎದುರಿನವನು ಪ್ರತಿಸ್ಪರ್ಧಿ ಆಗಿದ್ದರೆ ಅವನ ಕೈಯಲ್ಲಿ ಸೋಲಬಹುದು. ಕಳ್ಳ, ದ್ರೋಹಿ ಅಂತ ಒಮ್ಮೆ ತೀರ್ಮಾನ ಮಾಡಿದ ಮೇಲೆ ಅವನಿಗೆ ಸೋತೆ ಅನ್ನುವುದೇ ದ್ರೋಹ ಆಗಿಬಿಡುತ್ತದೆ.

ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದಿದ್ದಾರೆ, ಕೆಳಗೆ ಗೆರೆ ಬೇರೆ ಎಳೆದಿದ್ದಾರೆ. ಸರಿ, ಮೂರನೇ ಅಂಶ ಓಡಿಸುತ್ತೇನೆ.

ಬೀದಿಯಲ್ಲಿ ಹುಟ್ಟುವ ಪಿತೂರಿಗಿಂತ ಕುರ್ಚಿಯಲ್ಲಿ ಹುಟ್ಟುವ ಪಿತೂರಿ ಅಪಾಯ. 1933ರ ಫೆಬ್ರುವರಿ 27ರ ರಾತ್ರಿ ಬರ್ಲಿನ್‌ನ ಸಂಸತ್ ಕಟ್ಟಡಕ್ಕೆ ಬೆಂಕಿ ಬಿತ್ತು. ಒಬ್ಬ ಯುವಕ ಅಲ್ಲೇ ಸಿಕ್ಕಿಬಿದ್ದ. ಆದರೆ ನಾಜಿಗಳಿಗೆ ಒಬ್ಬ ಸಾಲದು, ಇದು ಕಮ್ಯುನಿಸ್ಟರ ದೊಡ್ಡ ಸಂಚು ಅಂದರು. ಮಾರನೇ ದಿನವೇ ಸುಗ್ರೀವಾಜ್ಞೆ ಬಂತು. ಮಾತಿನ ಸ್ವಾತಂತ್ರ್ಯ, ಪತ್ರಿಕೆ, ಸಭೆ, ಎಲ್ಲಾ ಬಂದ್. ಮತ್ತೆ ಬೆಂಕಿಯ ಕತೆಯೇ ಆಯಿತು, ಬೇಕು ಅಂತ ಆರಿಸಿದ್ದಲ್ಲ. ಕೇಳುವ ಪ್ರಶ್ನೆಗೆಲ್ಲಾ ‘ಇದರ ಹಿಂದೆ ಕಾಣದ ಕೈ ಇದೆ’ ಅಂತ ಉತ್ತರ ಕೊಡುವ ಸರ್ಕಾರ, ಯಾವ ಬಣ್ಣದ್ದೇ ಇರಲಿ, ಲೆಕ್ಕ ಒಪ್ಪಿಸುವುದನ್ನು ತಪ್ಪಿಸಿಕೊಳ್ಳುತ್ತಿದೆ. ಇದರ ಇನ್ನೊಂದು ಮುಖವೂ ಇದೆ. ಸರಿಯಾದ ಪ್ರಶ್ನೆ ಕೇಳಿದವನಿಗೆ ‘ಪಿತೂರಿ ಸಿದ್ಧಾಂತಿ’ ಅಂತ ಹಣೆಪಟ್ಟಿ ಹಚ್ಚಿ ಕೂರಿಸುವುದು. ವಾಟರ್‌ಗೇಟ್ ಬಗ್ಗೆ ಬರೆದವರ ಬಾಯಿ ಮುಚ್ಚಿಸಲು ಪಟ್ಟ ಪ್ರಯತ್ನ ಕಡಿಮೆಯೇನಲ್ಲ.

ನಾಲ್ಕನೇದು, ಸುಮ್ನೆ ಕೂರುವವರು. 2014ರಲ್ಲಿ ಬ್ರಿಟನ್ನಿನ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನ ಇದೆ. ಸರ್ಕಾರದ ಸಂಚುಗಳ ಬಗ್ಗೆ ಓದಿಸಿದ ಮೇಲೆ ಜನರಿಗೆ ರಾಜಕೀಯದಲ್ಲಿ ಭಾಗವಹಿಸುವ ಮನಸ್ಸೇ ಕಡಿಮೆಯಾಯಿತು, ಮತ ಹಾಕುವುದೂ ಸೇರಿ. ಎಲ್ಲಾ ಮೊದಲೇ ತೀರ್ಮಾನ ಆಗಿದೆ ಅನ್ನುವವನು ಬೂತಿಗೆ ಯಾಕೆ ಹೋಗುತ್ತಾನೆ? ಇದರ ಮೇಲೆ ಎರಡು ಪುಟ ಬರೆದಿದ್ದೆ. ಬಿಡಿ.

ಐದನೇದು ಪರಿಹಾರ. ಅದು ಎರಡು ನಿಮಿಷದಲ್ಲಿ ಆಗುವುದಾದರೆ ಯಾರೂ ನನ್ನನ್ನು ಇಲ್ಲಿಗೆ ಕರೆಯುತ್ತಿರಲಿಲ್ಲ. ಒಂದು ಮಾತ್ರ ಹೇಳುತ್ತೇನೆ. 2016ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ನಿನ ಒಂದು ಪಿಜ್ಜಾ ಹೋಟೆಲಿಗೆ ಒಬ್ಬ ಬಂದೂಕು ಹಿಡಿದು ನುಗ್ಗಿದ. ಅಲ್ಲಿ ರಾಜಕಾರಣಿಗಳು ಮಕ್ಕಳನ್ನು ಕೂಡಿಹಾಕಿದ್ದಾರೆ ಅಂತ ಇಂಟರ್‌ನೆಟ್‌ನಲ್ಲಿ ಓದಿದ್ದ. ಗುಂಡು ಹಾರಿಸಿದ, ಮುಚ್ಚಿದ್ದ ಬಾಗಿಲು ತೆಗೆದ, ಹುಡುಕಿದ. ಮಕ್ಕಳಿಲ್ಲ. ಹೊರಗೆ ಬಂದು ಪೊಲೀಸರಿಗೆ ಶರಣಾದ, ಜೈಲಿಗೆ ಹೋದ. ಮಾಡಿದ್ದು ಘೋರ ತಪ್ಪು, ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆದರೂ ಅವನ ಬಗ್ಗೆ ನನಗೆ ಒಂದು ವಿಚಿತ್ರ ಗೌರವ ಇದೆ. ಏನು ಕಂಡರೆ ನಂಬಿಕೆ ಬಿಡಬೇಕು ಅಂತ ಅವನಿಗೆ ಗೊತ್ತಿತ್ತು. ಕತೆ ಹಬ್ಬಿಸಿದವರಲ್ಲಿ ಕೆಲವರು ಮನೆಯಲ್ಲೇ ಕೂತು, ಆ ಮನುಷ್ಯನೇ ಬಾಡಿಗೆ ನಟ ಅಂತ ಹೊಸ ಕತೆ ಶುರುಮಾಡಿದರು.

ಹಾಗಾಗಿ ಗೆಳೆಯನಿಗೆ ಮತ್ತೆ ಫೋನ್ ಮಾಡಿದೆ. ಅವನ ಪಕ್ಷ ಸೋತಿತ್ತು, ಪೋಸ್ಟ್ ಹೋಗಿತ್ತು. ವಾದ ಮಾಡಲಿಲ್ಲ. “ಏನು ತೋರಿಸಿದರೆ ಸೋತೆ ಅಂತ ಒಪ್ಕೋತೀಯ? ಒಂದೇ ಒಂದು ಹೇಳು, ಹುಡುಕಿ ತರೋ ಜವಾಬ್ದಾರಿ ನಂದು” ಅಂದೆ. ಆ ಕಡೆ ತುಂಬ ಹೊತ್ತು ಮಾತಿಲ್ಲ. ಆಮೇಲೆ “ನಿನ್ನ ಪಕ್ಷ ಸೋತಾಗ ನೀನು ಏನು ಕೇಳಿದ್ದೆ?” ಅಂದ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಯೋಚಿಸಿ ಹೇಳ್ತೀನಿ ಅಂದೆ. ಅವನೂ ಅದನ್ನೇ ಅಂದ. ಮೂರು ವಾರ ಆಯಿತು, ಇಬ್ಬರೂ ಫೋನ್ ಮಾಡಿಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬರು ಆಗಿನಿಂದ ಕೈ ಎತ್ತಿಕೊಂಡು ಕೂತಿದ್ದಾರೆ. ಮೈಕ್ ಅವರಿಗೆ ಕೊಡಿ.