ಮೊದಲ ಹೆಣ್ಣುಗರು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಸಮಾಜಶಾಸ್ತ್ರ ಪಾಠ ಮಾಡುವ ಮೇಷ್ಟ್ರಮ್ಮ. ಕೆಲವು ವರ್ಷಗಳ ಹಿಂದೆ ನನ್ನ ಎಂ.ಎ. ವಿದ್ಯಾರ್ಥಿಯೊಬ್ಬ ಸ್ಟಾಫ್ ರೂಮಿಗೆ ಬಂದ. ಕೈಯಲ್ಲಿ ಹಳೇ ಪೇಪರಿನ ತುಂಡು. 2018ರ ಜುಲೈನಲ್ಲಿ ನಮ್ಮ ಪ್ರಧಾನಿ ಆಫ್ರಿಕಾದ ರುವಾಂಡಾಕ್ಕೆ ಹೋಗಿದ್ದಾಗ ರ್ವೇರು ಎಂಬ ಹಳ್ಳಿಯ ಜನರಿಗೆ 200 ಹಸು ಕೊಟ್ಟ ಸುದ್ದಿ ಅದು. ಈ ಹುಡುಗನ ಮನೆಯಲ್ಲೂ ಎರಡು ಹಸು ಇವೆ. ಎರಡು ಹೊತ್ತೂ ಡೈರಿಗೆ ಹಾಲು ಹಾಕುತ್ತಾರೆ. ಅವನು ಕೇಳಿದ: "ಮೇಡಂ, ಅಷ್ಟೊಂದು ಜನ ಸತ್ತ ದೇಶ. ಹಸು ಕೊಟ್ಟರೆ ಅಂಥ ಊರು ಸರಿಹೋಗುತ್ತಾ? ನಾನು ಇದನ್ನೇ ಪ್ರಾಜೆಕ್ಟ್ ಮಾಡ್ಲಾ?"

ಮಾಡು ಅಂದೆ. ಆದರೆ ಹೇಗೆ? ರುವಾಂಡಾಕ್ಕೆ ಹೋಗಿಬರಲು ನಮ್ಮ ಹತ್ತಿರ ದುಡ್ಡಿಲ್ಲ. ಲೈಬ್ರರಿಯಲ್ಲಿ ಆ ದೇಶದ ಬಗ್ಗೆ ಒಂದು ಪುಸ್ತಕವೂ ಇರಲಿಲ್ಲ. ಇದ್ದದ್ದು ಅವನ ಮೊಬೈಲು ಮತ್ತು ಕಾಲೇಜಿನ ಕಂಪ್ಯೂಟರ್ ಲ್ಯಾಬು. ಅಷ್ಟರಲ್ಲೇ ನಾವಿಬ್ಬರೂ ಆ ದೇಶವನ್ನು ಹೇಗೆ ಓದಿದೆವು ಎಂದು ಇವತ್ತು ನಿಮಗೆ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ದೂರದ ಯಾವುದೋ ದೇಶದ ಬಗ್ಗೆ ತಿಳಿಯಬೇಕು ಅನ್ನುವ ಮಕ್ಕಳು ಇರಬಹುದು, ಅಲ್ವಾ?

ಹುಡುಗ ಮೊದಲು ದೇಶದ ಹೆಸರು ಟೈಪ್ ಮಾಡಿ ಹುಡುಕಿದ. ಎರಡು ಥರದ ಚಿತ್ರ ಬಂದವು. ಒಂದು ಕಡೆ ಸಾಲಾಗಿ ಜೋಡಿಸಿಟ್ಟ ತಲೆಬುರುಡೆಗಳು. ಇನ್ನೊಂದು ಕಡೆ ರಾಜಧಾನಿ ಕಿಗಾಲಿಯ ಕನ್ನಡಿಯಂಥ ರಸ್ತೆಗಳು. ಎರಡೂ ನಿಜವೇ. ಆದರೆ 1994ರ ಬುರುಡೆಯಿಂದ ಇವತ್ತಿನ ರಸ್ತೆಯವರೆಗೆ ಜನ ಹೇಗೆ ಬದುಕಿದರು ಎಂಬುದು ಆ ಚಿತ್ರಗಳಲ್ಲಿ ಇರಲಿಲ್ಲ.

ಗೊತ್ತಿಲ್ಲದವರಿಗಾಗಿ ಎರಡು ಮಾತು. 1994ರ ಏಪ್ರಿಲ್ 7ರಿಂದ ಸುಮಾರು ನೂರು ದಿನ ರುವಾಂಡಾದಲ್ಲಿ ನರಮೇಧ ನಡೆಯಿತು. ಹುಟು ಉಗ್ರವಾದಿಗಳು ಅಲ್ಪಸಂಖ್ಯಾತ ಟುಟ್ಸಿ ಜನರನ್ನು ಕೊಂದರು. ಅದನ್ನು ವಿರೋಧಿಸಿದ ಹುಟುಗಳನ್ನೂ ಕೊಂದರು. ಎಷ್ಟೋ ಕಡೆ ಕೊಂದವರು ಪಕ್ಕದ ಮನೆಯವರೇ.

ಸತ್ತವರೆಷ್ಟು? ಇಲ್ಲೇ ನಮ್ಮ ಹುಡುಗ ಎಡವಿದ. ವಿಶ್ವಸಂಸ್ಥೆಯ ಕಡೆ ನೋಡಿದರೆ ಸುಮಾರು 8 ಲಕ್ಷ. ರುವಾಂಡಾ ಸರ್ಕಾರ 10 ಲಕ್ಷಕ್ಕೂ ಜಾಸ್ತಿ ಎನ್ನುತ್ತದೆ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಗಾಗಿ ಅಲಿಸನ್ ಡಿ ಫೋರ್ಜ್ 1999ರಲ್ಲಿ ಬರೆದ ದೊಡ್ಡ ವರದಿ, ಕಡಿಮೆ ಎಂದರೂ 5 ಲಕ್ಷ ಎಂದು ಲೆಕ್ಕ ಹಾಕಿತು. "ಯಾವುದು ಸರಿ ಮೇಡಂ?" ಎಂದು ಅವನಿಗೆ ಸಂಕಟ. ಮೂರನ್ನೂ ಬರಿ ಅಂದೆ. ಒಂದೊಂದರ ಮುಂದೆ ಯಾರು ಎಣಿಸಿದರು, ಯಾವಾಗ, ಹೇಗೆ, ಯಾರನ್ನು ಸೇರಿಸಿದರು, ಇದನ್ನೂ ಬರಿ. ಅವನ ನೋಟ್‌ಬುಕ್ಕಿನ ಮೊದಲ ಪುಟ ಅದೇ ಆಯಿತು. ಆ ವರದಿ ಇಡಿಯಾಗಿ ಸಂಸ್ಥೆಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ದಯವಿಟ್ಟು ಓದಿ. ನರಮೇಧವನ್ನು ಜಗತ್ತಿಗೆ ತೋರಿಸಿಕೊಟ್ಟ ಆ ಹೆಂಗಸು ಮುಂದೆ ಈಗಿನ ಸರ್ಕಾರದ ತಪ್ಪುಗಳನ್ನೂ ಹೇಳಿದರು. 2008ರಲ್ಲಿ ಅವರನ್ನು ಆ ದೇಶದೊಳಗೆ ಬಿಡಲಿಲ್ಲ. ಇದು ನೆನಪಿರಲಿ.

ಸುದ್ದಿಗಿಂತ ಆಳಕ್ಕೆ ಹೋಗಬೇಕು ಎನ್ನುವವರಿಗೆ ನಾನು ಮೊದಲು ಹೇಳುವ ಹೆಸರು ರಿಲೀಫ್‌ವೆಬ್. ವಿಶ್ವಸಂಸ್ಥೆ ನಡೆಸುವ ತಾಣ, 1996ರಲ್ಲಿ ಶುರುವಾಯಿತು. ಇದರ ಹುಟ್ಟಿಗೂ ರುವಾಂಡಾಕ್ಕೂ ನಂಟಿದೆ. 1994ರಲ್ಲಿ ಸಹಾಯಕ್ಕೆ ಹೋದ ಸಂಸ್ಥೆಗಳ ನಡುವೆ ಮಾಹಿತಿ ಸರಿಯಾಗಿ ಹರಿದಾಡಲಿಲ್ಲ. ಎಲ್ಲರ ವರದಿಯೂ ಒಂದೇ ಕಡೆ ಸಿಗಬೇಕು ಎಂಬ ಯೋಚನೆಗೆ ಆ ಕಹಿ ಅನುಭವವೂ ಒಂದು ಕಾರಣ. ನಿರಾಶ್ರಿತರ ಶಿಬಿರ, ಬರ, ನೆರೆ, ಲಸಿಕೆ, ಎಲ್ಲದರ ವರದಿಯನ್ನೂ ಅಲ್ಲಿ ದೇಶವಾರು, ವರ್ಷವಾರು ಆರಿಸಿ ನೋಡಬಹುದು. ನೇಪಾಳದ ಭೂಕಂಪವಾಗಲಿ, ಹೈಟಿಯದಾಗಲಿ, ಅಲ್ಲಿಂದಲೇ ಶುರು ಮಾಡಿ.

ಆಮೇಲೆ ದೇಶದ ಸ್ವಂತ ಲೆಕ್ಕ. ರುವಾಂಡಾದ ರಾಷ್ಟ್ರೀಯ ಅಂಕಿಅಂಶ ಸಂಸ್ಥೆ ತನ್ನ ಜನಗಣತಿಯನ್ನೂ ಮನೆಮನೆ ಸಮೀಕ್ಷೆಗಳನ್ನೂ ವೆಬ್‌ಸೈಟಿನಲ್ಲಿ ಇಟ್ಟಿದೆ. 2022ರ ಗಣತಿಯಲ್ಲಿ 1 ಕೋಟಿ 32 ಲಕ್ಷ ಜನ. ಇದರ ಜೊತೆಗೆ ಡಿಎಚ್‌ಎಸ್ ಎಂಬ ಆರೋಗ್ಯ ಸಮೀಕ್ಷೆ ಇದೆ, ನಮ್ಮ ದೇಶದ ಕುಟುಂಬ ಆರೋಗ್ಯ ಸಮೀಕ್ಷೆಯ ಬಳಗದ್ದೇ. ಅದರಲ್ಲಿ ಒಂದು ಸಾಲು ನೋಡಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. 2005ರ ಸಮೀಕ್ಷೆಯಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 152 ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. 2019-20ರ ಸಮೀಕ್ಷೆಯಲ್ಲಿ ಅದು 45. ಹಳ್ಳಿ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರು, ಕಡಿಮೆ ಕಂತಿನ ಆರೋಗ್ಯ ವಿಮೆ, ಸೊಳ್ಳೆಪರದೆ, ಲಸಿಕೆ, ಎಲ್ಲ ಸೇರಿ ಆದ ಕೆಲಸ. ಚೇತರಿಕೆ ಅನ್ನುವ ಮಾತಿಗೆ ಏನಾದರೂ ಅರ್ಥ ಇದ್ದರೆ, ಬದುಕಿ ಉಳಿದ ಆ ಮಕ್ಕಳಲ್ಲಿದೆ ಎಂದು ನಾನು ನಂಬಿದ್ದೇನೆ.

ಹಾಗಂತ ಎಲ್ಲ ಅಂಕಿಯನ್ನೂ ಕಣ್ಣುಮುಚ್ಚಿ ಒಪ್ಪಬೇಡಿ. 2015ರಲ್ಲಿ ಸರ್ಕಾರ ಬಡತನ ಮೂರು ವರ್ಷದಲ್ಲಿ ಶೇಕಡಾ 44.9ರಿಂದ 39.1ಕ್ಕೆ ಇಳಿದಿದೆ ಎಂದಿತು. ಕೆಲವು ಸಂಶೋಧಕರು ಅದೇ ಸಮೀಕ್ಷೆಯ ಮೂಲ ಲೆಕ್ಕ ಇಳಿಸಿಕೊಂಡು ಮತ್ತೆ ಗುಣಿಸಿದರು. ಬಡವರ ಊಟದ ಬುಟ್ಟಿಯಲ್ಲಿ ಏನೇನಿರಬೇಕು ಎಂಬ ಅಳತೆಯನ್ನೇ ಬದಲಿಸಿದ್ದೀರಿ, ಹಳೇ ಬುಟ್ಟಿಯಲ್ಲಿ ತೂಗಿದರೆ ಬಡತನ ಏರಿದೆ ಎಂದರು. ಸರ್ಕಾರ ಒಪ್ಪಲಿಲ್ಲ. ವಿಶ್ವಬ್ಯಾಂಕ್ ಸರ್ಕಾರದ ಪರ ನಿಂತಿತು. ಈ ಜಗಳದ ಎರಡೂ ಕಡೆಯ ಬರಹ ಅಂತರ್ಜಾಲದಲ್ಲಿವೆ. ನಮ್ಮ ಹುಡುಗ ಎರಡನ್ನೂ ಓದಿ ಹದಿನೈದು ದಿನ ತಲೆ ಕೆಡಿಸಿಕೊಂಡ. ಅಷ್ಟೂ ದಿನ ನಾನು ಅವನಿಗೆ ಉತ್ತರ ಹೇಳಲಿಲ್ಲ. ಬುಟ್ಟಿಯೊಳಗೆ ಏನಿತ್ತು ಎಂದು ಅವನೇ ಹುಡುಕಲಿ ಎಂದು ಬಿಟ್ಟೆ.

ಇನ್ನೊಂದು ವಿಷಯ. ಆ ಗಣತಿಯಲ್ಲಿ ನೀವು ಎಷ್ಟು ಹುಡುಕಿದರೂ ಹುಟು ಎಷ್ಟು, ಟುಟ್ಸಿ ಎಷ್ಟು ಎಂಬ ಕಾಲಂ ಸಿಗುವುದಿಲ್ಲ. 1930ರ ದಶಕದಲ್ಲಿ ಬೆಲ್ಜಿಯಂ ಆಳ್ವಿಕೆ ಪ್ರತಿಯೊಬ್ಬರ ಗುರುತಿನ ಚೀಟಿಯಲ್ಲಿ ಜನಾಂಗ ಬರೆಸಿತು. 1994ರಲ್ಲಿ ರಸ್ತೆ ತಡೆದು ಆ ಚೀಟಿ ನೋಡಿಯೇ ಕೊಂದರು. ನರಮೇಧದ ನಂತರ ಚೀಟಿಯಿಂದ ಆ ಸಾಲನ್ನು ತೆಗೆದರು, ಈಗ ನಾವೆಲ್ಲ ರುವಾಂಡಾದವರು ಎನ್ನುತ್ತಾರೆ. ಯಾಕೆ ತೆಗೆದರು ಎಂದು ಯಾರಿಗಾದರೂ ಅರ್ಥವಾಗುತ್ತದೆ. ಆದರೆ ಓದುವವರಿಗೆ ಕಷ್ಟ. ನೌಕರಿ ಯಾರಿಗೆ ಸಿಕ್ಕಿತು, ಭೂಮಿ ಯಾರದಾಯಿತು ಎಂದು ಕೇಳಲು ಅಂಕಿಯೇ ಇಲ್ಲ. ಗಣತಿಯಲ್ಲಿ ಜಾತಿ ಕೇಳಬೇಕೋ ಬೇಡವೋ ಎಂದು ವರ್ಷಗಟ್ಟಲೆ ವಾದ ಮಾಡಿದ ನಮಗೆ ಈ ಖಾಲಿ ಜಾಗದ ಭಾರ ಬೇಗ ತಿಳಿಯುತ್ತದೆ.

ಅಂಕಿ ಮುಗಿದಲ್ಲಿ ದನಿಗಳು ಶುರುವಾಗುತ್ತವೆ. ರುವಾಂಡಾ ನರಮೇಧ ದಾಖಲಾಗಾರ ಎಂಬ ಡಿಜಿಟಲ್ ಸಂಗ್ರಹ 2010ರಿಂದ ಇದೆ. ಬದುಕಿ ಉಳಿದವರು ಕ್ಯಾಮೆರಾ ಮುಂದೆ ಕೂತು ಮಾತಾಡಿದ್ದಾರೆ. ಫೋಟೋ, ಹಳೇ ಪತ್ರಿಕೆ, ಕಾಗದಪತ್ರ ಎಲ್ಲ ಇವೆ. ಒಂದೇ ಸಲ ಜಾಸ್ತಿ ನೋಡಬೇಡಿ. ಎಳೆಯರು ನೋಡುವಾಗ ದೊಡ್ಡವರು ಜೊತೆಗಿರಿ.

ನ್ಯಾಯದ ಕತೆಗೆ ಎರಡು ದಾರಿ. ಒಂದು, ಟಾಂಜಾನಿಯಾದ ಅರುಷಾದಲ್ಲಿ ವಿಶ್ವಸಂಸ್ಥೆ ನಡೆಸಿದ ಅಂತರರಾಷ್ಟ್ರೀಯ ನ್ಯಾಯಾಲಯ. ಅದು 93 ಜನರ ಮೇಲೆ ಆರೋಪ ಹೊರಿಸಿತು, 2015ರ ಕೊನೆಗೆ ಮುಚ್ಚಿತು. ತೀರ್ಪುಗಳೆಲ್ಲ ಇಂಟರ್ನೆಟ್ಟಿನಲ್ಲಿವೆ. 1998ರ ಅಕಯೇಸು ತೀರ್ಪನ್ನು ಓದಿ. ಅಂತರರಾಷ್ಟ್ರೀಯ ನ್ಯಾಯಾಲಯವೊಂದು ವಿಚಾರಣೆ ನಡೆಸಿ ನರಮೇಧದ ಅಪರಾಧಕ್ಕೆ ಶಿಕ್ಷೆ ಕೊಟ್ಟದ್ದು ಅದೇ ಮೊದಲು. ಅತ್ಯಾಚಾರವೂ ನರಮೇಧದ ಆಯುಧವಾಗಬಹುದು ಎಂದು ಹೇಳಿದ್ದೂ ಅದೇ ತೀರ್ಪು. ಅದರಲ್ಲಿ ಸಾಕ್ಷಿ ಹೇಳಿದ ಹೆಂಗಸರ ಹೆಸರಿಲ್ಲ, ಜೆಜೆ ಎಂಬಂಥ ಅಕ್ಷರಗಳಿವೆ. ಆ ಎರಡಕ್ಷರದ ಹಿಂದಿನ ಧೈರ್ಯ ನೆನೆದರೆ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಇನ್ನೊಂದು ದಾರಿ ಗಚಾಚಾ. ಒಂದು ಬಗೆಯ ಹುಲ್ಲಿನಿಂದ ಬಂದ ಹೆಸರು. ಊರವರು ಹುಲ್ಲಿನ ಮೇಲೆ ಕೂತು ನ್ಯಾಯ ಹೇಳುವುದು, ನಮ್ಮ ಅರಳಿಕಟ್ಟೆಯ ಹಾಗೆ. ಜೈಲುಗಳಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ತುಂಬಿಹೋಗಿದ್ದರು, ನ್ಯಾಯಾಧೀಶರಲ್ಲಿ ಬಹಳಷ್ಟು ಜನ ಸತ್ತಿದ್ದರು ಇಲ್ಲವೇ ಓಡಿಹೋಗಿದ್ದರು. ಹೀಗಾಗಿ 2002ರಿಂದ 2012ರವರೆಗೆ ಊರೂರಿನಲ್ಲಿ ಇಂಥ ಸುಮಾರು 12,000 ನ್ಯಾಯಕಟ್ಟೆಗಳು ಕೂತು 19 ಲಕ್ಷಕ್ಕೂ ಜಾಸ್ತಿ ಪ್ರಕರಣ ನೋಡಿದವು. ವಕೀಲರಿಲ್ಲ, ಊರಿನ ಒತ್ತಡ ಇತ್ತು, ಆಗ ನಡೆಯುತ್ತಿದ್ದ ಯುದ್ಧದಲ್ಲಿ ಗೆದ್ದು ನರಮೇಧ ನಿಲ್ಲಿಸಿದ ಟುಟ್ಸಿ ನೇತೃತ್ವದ ಪಡೆ ಮಾಡಿದ ಕೊಲೆಗಳು ಅಲ್ಲಿಗೆ ಬರಲೇ ಇಲ್ಲ ಎಂಬ ಟೀಕೆಗಳಿವೆ. ಹಾಗೆಯೇ, ನನ್ನ ತಮ್ಮನ ಮೂಳೆ ಎಲ್ಲಿದೆ ಎಂದು ಗೊತ್ತಾದದ್ದು ಅಲ್ಲೇ ಎನ್ನುವಂಥ ಮನೆಗಳೂ ಇವೆ. ಎರಡನ್ನೂ ಓದಬೇಕು.

ಈಗ ನಾನು ಯಾವುದರ ಮುಂದೆ ಕೂತು ಮಾತಾಡುತ್ತಿದ್ದೇನೋ ಅದರ ವಿಷಯ. ರೇಡಿಯೋ. 1993ರ ಜುಲೈನಲ್ಲಿ ಆರ್‌ಟಿಎಲ್‌ಎಂ ಎಂಬ ಖಾಸಗಿ ರೇಡಿಯೋ ಕಿಗಾಲಿಯಲ್ಲಿ ಶುರುವಾಯಿತು. ಒಳ್ಳೊಳ್ಳೆ ಹಾಡು ಹಾಕುತ್ತಿತ್ತು. ನಡುನಡುವೆ ಟುಟ್ಸಿಗಳನ್ನು ಜಿರಲೆಗಳು ಎನ್ನುತ್ತಿತ್ತು. ನರಮೇಧದ ದಿನಗಳಲ್ಲಿ ಕೊಲ್ಲಬೇಕಾದವರ ಹೆಸರನ್ನೇ ಓದಿತು. ಆ ಪ್ರಸಾರಗಳ ಬರಹರೂಪವನ್ನು ಕೆನಡಾದ ಕಾನ್‌ಕಾರ್ಡಿಯಾ ವಿಶ್ವವಿದ್ಯಾಲಯ ಸಂಗ್ರಹಿಸಿತು. ನಾನು ಕೆಲವು ಪುಟ ಓದಿದ್ದೇನೆ. ಮಾತಿನ ಧಾಟಿ ಎಷ್ಟು ಸಲಿಗೆಯದು ಎಂದರೆ ಮೈ ನಡುಗುತ್ತದೆ. ಆ ರೇಡಿಯೋದಿಂದ ಎಷ್ಟು ಕೊಲೆ ನಡೆದವು ಎಂಬ ಬಗ್ಗೆಯೂ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಗುಡ್ಡಗಳ ಮರೆಯಿಂದ ಎಲ್ಲಿ ಪ್ರಸಾರ ಕೇಳಿಸುತ್ತಿತ್ತು, ಎಲ್ಲಿ ಇಲ್ಲ ಎಂದು ಹೋಲಿಸಿ, ಜನ ಹಿಂಸೆಗೆ ಇಳಿದದ್ದರಲ್ಲಿ ಸುಮಾರು ಹತ್ತನೇ ಒಂದು ಪಾಲು ಆ ರೇಡಿಯೋದಿಂದ ಎಂದು ಒಬ್ಬ ಅರ್ಥಶಾಸ್ತ್ರಜ್ಞರು 2014ರಲ್ಲಿ ಬರೆದರು. ಜೈಲಿನಲ್ಲಿದ್ದ ಕೊಲೆಗಾರರನ್ನು ಮಾತಾಡಿಸಿದ ಸ್ಕಾಟ್ ಸ್ಟ್ರಾಸ್, ರೇಡಿಯೋಗಿಂತ ಮನೆ ಬಾಗಿಲಿಗೆ ಬಂದು ಕರೆದವರ ಒತ್ತಡ, ಯುದ್ಧದ ಭಯ ದೊಡ್ಡದು ಎಂದರು.

ಅದೇ ದೇಶದಲ್ಲಿ 2004ರಿಂದ ಮುಸೆಕೆವೆಯಾ ಎಂಬ ಬಾನುಲಿ ನಾಟಕ ಬಂತು. ಹೆಸರಿನ ಅರ್ಥ ಹೊಸ ಬೆಳಗು. ಎರಡು ಹಳ್ಳಿಗಳ ಜಗಳ, ಅದರ ನಡುವೆ ಪ್ರೀತಿಸಿದ ಇಬ್ಬರು. ಎಲಿಜಬೆತ್ ಲೆವಿ ಪಲಕ್ ಎಂಬ ಮನಶ್ಶಾಸ್ತ್ರಜ್ಞೆ ಒಂದು ವರ್ಷ ಕೆಲವು ಗುಂಪುಗಳಿಗೆ ಈ ನಾಟಕವನ್ನೂ ಉಳಿದವರಿಗೆ ಆರೋಗ್ಯದ ನಾಟಕವನ್ನೂ ಕೇಳಿಸಿ ನೋಡಿದರು. ಕೇಳಿದವರ ಸ್ವಂತ ನಂಬಿಕೆ ಅಷ್ಟಾಗಿ ಬದಲಾಗಲಿಲ್ಲ. ಆದರೆ ನಮ್ಮ ಊರಲ್ಲಿ ಜನ ಹೇಗೆ ನಡೆದುಕೊಳ್ಳಬೇಕು, ಬೇರೆಯವರೊಂದಿಗೆ ಮದುವೆ ಸರಿಯೇ, ಒಪ್ಪದಿದ್ದರೆ ಬಾಯಿಬಿಟ್ಟು ಹೇಳಬಹುದೇ ಎಂಬ ತಿಳಿವಳಿಕೆ ಬದಲಾಯಿತು. ಆ ಪ್ರಬಂಧ 2009ರಲ್ಲಿ ಬಂತು. ಲೇಖನಕ್ಕೆ ದುಡ್ಡು ಕೇಳಿದರೆ ಗಾಬರಿ ಬೇಡ. ಗೂಗಲ್ ಸ್ಕಾಲರ್‌ನಲ್ಲಿ ಅದರ ಬೇರೆ ಪ್ರತಿಗಳನ್ನು ನೋಡಿ, ಎಷ್ಟೋ ಸಲ ಬರೆದವರೇ ತಮ್ಮ ಪುಟದಲ್ಲಿ ಹಾಕಿರುತ್ತಾರೆ.

ಭಾಷೆಯ ತೊಡಕು ಇದ್ದೇ ಇದೆ. ಅಲ್ಲಿನವರ ಮಾತು ಕಿನ್ಯಾರುವಾಂಡಾ. 2020ರಿಂದ ಗೂಗಲ್ ಅನುವಾದದಲ್ಲಿ ಅದೂ ಸಿಗುತ್ತದೆ, ಒರಟು ಅರ್ಥ ತಿಳಿಯಲು ಸಾಕು. ಅಲ್ಲಿನ ಇಂಗ್ಲಿಷ್ ದಿನಪತ್ರಿಕೆ ದಿ ನ್ಯೂ ಟೈಮ್ಸ್ ಓದಿ, ಆದರೆ ಅದು ಸರ್ಕಾರದ ಕಡೆಯ ಧಾಟಿಯದು ಎಂದು ಗೊತ್ತಿರಲಿ. ಕಾಂಗೋ ಗಡಿಯಲ್ಲಿ ರುವಾಂಡಾ ಏನು ಮಾಡುತ್ತಿದೆ ಎಂಬುದಕ್ಕೆ ಭದ್ರತಾ ಮಂಡಳಿಯ ತಜ್ಞರ ವರದಿಗಳನ್ನು ನೋಡಿ. ಇನ್ನೊಂದು ಮಾತು, ಸಿಕ್ಕಿದ್ದನ್ನು ಅಂದೇ ಇಳಿಸಿಟ್ಟುಕೊಳ್ಳಿ. 2025ರ ಆರಂಭದಲ್ಲಿ ಅಮೆರಿಕದ ಹಣ ನಿಂತು ಡಿಎಚ್‌ಎಸ್ ಕೆಲಸ ದಿಢೀರನೆ ನಿಂತಿತು. ಎಷ್ಟೋ ದೇಶಗಳ ತಾಯಂದಿರು ಮನೆ ಬಾಗಿಲಲ್ಲಿ ಕೂತು ಕೊಟ್ಟ ಉತ್ತರಗಳು ಅವು. ನನಗೆ ನಿಜವಾಗಲೂ ಸಿಟ್ಟು ಬಂತು.

ಸರಿ, ಹಸುವಿಗೆ ಬರೋಣ. ಗಿರಿಂಕಾ ಎಂಬುದು 2006ರಲ್ಲಿ ಶುರುವಾದ ಯೋಜನೆ, ಬಡ ಮನೆಗೊಂದು ಹಸು. ಗಿರಿಂಕಾ ಎಂದರೆ ನಿನಗೆ ಹಸುವಾಗಲಿ ಎಂಬ ಹಾರೈಕೆ. ನಿಯಮ ಒಂದೇ. ಮೊದಲು ಹುಟ್ಟುವ ಹೆಣ್ಣುಗರುವನ್ನು ಹಸುವಿಲ್ಲದ ನೆರೆಮನೆಗೆ ಕೊಡಬೇಕು. 1994ರಲ್ಲಿ ಟುಟ್ಸಿಗಳ ದನಗಳನ್ನೂ ಕಡಿದಿದ್ದರು ಎಂದು ನೆನೆದರೆ ಈ ನಿಯಮದ ತೂಕ ತಿಳಿಯುತ್ತದೆ. ಕೊಂದವರ ಮನೆಯಿಂದ ಉಳಿದವರ ಮನೆಗೆ, ಉಳಿದವರ ಮನೆಯಿಂದ ಕೊಂದವರ ಮನೆಗೆ ಕರು ನಡೆದುಹೋಗಿದೆ.

ಹುಡುಗ ಇದನ್ನೆಲ್ಲ ಬರೆದು ತಂದ. ಹಸು ಎಷ್ಟು, ಹಾಲು ಎಷ್ಟು, ಗೊಬ್ಬರದಿಂದ ಬೆಳೆ ಎಷ್ಟು. ಚೆನ್ನಾಗಿತ್ತು. ಆ ರಾತ್ರಿ ಅವನು ಅದನ್ನು ಮನೆಯಲ್ಲಿ ಓದಿ ಹೇಳಿದನಂತೆ. ಅವನ ತಾಯಿ ಹಾಲು ಕರೆಯುತ್ತಲೇ ಕೇಳಿದರಂತೆ: "ಮೊದಲ ಹೆಣ್ಣುಗರು ಕೊಟ್ಟುಬಿಡೋದಾ? ಅದೂ ಅಂಥೋರ ಮನೆಗೆ? ಕೊಟ್ಟ ಹೆಂಗಸರನ್ನ ಯಾರಾದ್ರೂ ಮಾತಾಡಿಸಿದಾರೇನೋ ಮಗಾ?"

ಮರುದಿನ ಬೆಳಿಗ್ಗೆ ಲ್ಯಾಬ್ ತೆಗೆಯುವ ಮೊದಲೇ ಅವನು ಬಾಗಿಲಲ್ಲಿ ನಿಂತಿದ್ದ. ಸಾಕ್ಷ್ಯಗಳ ಸಂಗ್ರಹ ತೆಗೆದ. ಹುಡುಕುವ ಜಾಗದಲ್ಲಿ ಅಲ್ಲಿನವರ ಭಾಷೆಯಲ್ಲೇ ಹಸುವಿಗಿರುವ ಪದ ಬರೆದ. ಇಂಕಾ.

ನಮಸ್ಕಾರ.